ನುಂಗುವ ಶಕ್ತಿ ಕುಂದಿದಾಗ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಕಾಡು ದಟ್ಟವಾಗತೊಡಗುವ ಎಡೆಯಲ್ಲಿ, ಪುಣಜನೂರು ಎಂಬ ಊರಿದೆ. ಅಲ್ಲಿಂದ ಮುಂದಕ್ಕೆ ತಮಿಳುನಾಡಿನ ಗಡಿ, ಹಾಸನೂರು, ದಿಂಬಂ ಘಟ್ಟ. ಈ ಸೀಮೆಯಲ್ಲಿ ಊಟವೆಂದರೆ ರಾಗಿಮುದ್ದೆ. ಮುದ್ದೆಯನ್ನು ಇಲ್ಲಿ ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿಬಿಡುವರು. ಪಟ್ಟಣದಿಂದ ಬಂದ ನೆಂಟನು ಅಗಿಯಹೊರಟರೆ ಮನೆಯ ಮಕ್ಕಳು ಬಾಯಿ ಮುಚ್ಚಿಕೊಂಡು ನಗುವುದುಂಟು. ಆದುದರಿಂದ ಈ ಊರಿನವನೊಬ್ಬನ ನುಂಗುವ ಶಕ್ತಿ ಕುಂದಿದರೆ, ಅದು ವೈದ್ಯನಿಗೆ ತಿಳಿಯುವುದಕ್ಕಿಂತ ಬಹಳ ಮೊದಲೇ ಊಟದ ತಟ್ಟೆಗೆ ತಿಳಿಯುತ್ತದೆ.

2021ರ ಮಳೆಗಾಲದಲ್ಲಿ ನನ್ನ ದೊಡ್ಡಪ್ಪನವರು ಹೇಳಿದ ಮಾತೂ ಅದೇ: "ಮುದ್ದೆ ಇಳೀತಾ ಇಲ್ಲ ಕಣ್ಮಗ." ಕಾಫಿ ಕುಡಿಯುವಾಗ ಕೆಮ್ಮು ಬರುತ್ತಿತ್ತು. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿತು. ಗಂಟಲ ಔಷಧಿ, ಕಷಾಯ, ಹರಕೆ ಎಂದು ನಾಲ್ಕು ತಿಂಗಳು ಕಳೆದ ಮೇಲೆ ದೊಡ್ಡ ಆಸ್ಪತ್ರೆಯ ನರರೋಗತಜ್ಞರು ನಾಲಗೆಯನ್ನು ಹೊರಚಾಚಿಸಿ ನೋಡಿದರು. ನಾಲಗೆ ಸೊರಗಿತ್ತು, ಅದರ ಮೇಲೆ ಹುಳು ಹರಿದಂತೆ ಸಣ್ಣ ಅದಿರಾಟ ಕಾಣುತ್ತಿತ್ತು. ಅವರು ಹೇಳಿದ ಹೆಸರು, ಚಾಲಕ ನರಕೋಶಗಳ ರೋಗ. ಆಸ್ಪತ್ರೆಗಳಲ್ಲಿ ಇದನ್ನು ಎಂ.ಎನ್.ಡಿ. ಎಂದೂ, ಅದರ ಮುಖ್ಯ ಬಗೆಯನ್ನು ಎ.ಎಲ್.ಎಸ್. ಎಂದೂ ಕರೆಯುವರು. ಅಂದೇ ಅವರು ಇನ್ನೊಂದು ಮಾತನ್ನೂ ಎತ್ತಿದರು: ಮುಂದೆ ಹೊಟ್ಟೆಗೆ ನೇರವಾಗಿ ಆಹಾರನಳಿಕೆಯನ್ನು ಇಡಬೇಕಾಗಬಹುದು, ಈಗಿನಿಂದಲೇ ಯೋಚಿಸಿರಿ ಎಂದು. ಮನೆಗೆ ಬಂದಮೇಲೆ ದೊಡ್ಡವ್ವ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಇನ್ನೂ ಉಣ್ತಾವ್ರಲ್ಲಪ್ಪ, ಈಗ್ಲೇ ಯಾಕೆ ಹೊಟ್ಟೆಗೆ ತೂತು?"

ನಾನು ವೈದ್ಯನಲ್ಲ, ಭೌತವಿಜ್ಞಾನದ ಉಪಾಧ್ಯಾಯ. ಆದರೆ ಪ್ರಶ್ನೆಯನ್ನು ಬಿಡಿಸಿ ನೋಡಿದಂತೆಲ್ಲ, ಅದರಲ್ಲಿ ನಮ್ಮ ತರಗತಿಯ ಪಾಠಗಳು ಎಷ್ಟೋ ಅಡಗಿರುವುದು ಕಂಡಿತು.

ಮೊದಲು ನುಂಗುವುದೆಂದರೇನು ಎಂಬುದನ್ನು ನೋಡೋಣ. ವಾಚಕರು ಈಗಲೇ ಒಂದು ಸಣ್ಣ ಪ್ರಯೋಗವನ್ನು ಮಾಡಿಕೊಳ್ಳಬಹುದು. ಗಂಟಲಿನ ಮುಂಭಾಗದಲ್ಲಿ ಉಬ್ಬಿರುವ ಗಂಟಲಮಣಿಯ ಮೇಲೆ ಬೆರಳಿಟ್ಟು ಉಗುಳನ್ನು ನುಂಗಿರಿ. ಮಣಿಯು ಥಟ್ಟನೆ ಮೇಲಕ್ಕೆ ಜಿಗಿದು ಮತ್ತೆ ಕೆಳಗಿಳಿಯುವುದು. ಈಗ ಬಾಯನ್ನು ಅಗಲವಾಗಿ ತೆರೆದುಕೊಂಡೇ ನುಂಗಲು ಯತ್ನಿಸಿರಿ, ಬಹಳ ಕಷ್ಟ. ತುಟಿ ಮುಚ್ಚಿ, ನಾಲಗೆಯು ಅಂಗುಳಕ್ಕೆ ಒತ್ತಿದರೆ ಮಾತ್ರ ಒಳಗೆ ಒತ್ತಡವುಂಟಾಗಿ ತುತ್ತು ಹಿಂದಕ್ಕೆ ಸರಿಯುವುದು. ಪಿಚಕಾರಿಯ ತುದಿಯನ್ನು ಬಿಟ್ಟು ಹಿಂಭಾಗದಲ್ಲಿ ತೂತು ಮಾಡಿದರೆ ನೀರು ಮುಂದಕ್ಕೆ ಚಿಮ್ಮುವುದೆ? ಇದೂ ಹಾಗೆಯೇ.

ನಮ್ಮ ಗಂಟಲು ಒಂದು ಕವಲುದಾರಿ. ಹಿಂದಿನ ದಾರಿ ಅನ್ನನಾಳಕ್ಕೆ, ಮುಂದಿನದು ಶ್ವಾಸನಾಳಕ್ಕೆ. ಉಸಿರಾಡುವಾಗ ಮುಂದಿನ ದಾರಿ ತೆರೆದಿರಬೇಕು. ನುಂಗುವಾಗ ಅದು ಪೂರ್ತಿಯಾಗಿ ಮುಚ್ಚಬೇಕು. ತುತ್ತು ಗಂಟಲಿಗೆ ಬಂದೊಡನೆ ಉಸಿರು ನಿಲ್ಲುತ್ತದೆ, ಧ್ವನಿತಂತುಗಳು ಒಂದನ್ನೊಂದು ಕೂಡಿ ಬಾಗಿಲು ಹಾಕುತ್ತವೆ, ಗಂಟಲಮಣಿ ಮೇಲಕ್ಕೂ ಮುಂದಕ್ಕೂ ಎಳೆಯಲ್ಪಡುತ್ತದೆ, ಎಲೆಯಂತಹ ಕಿರುಮುಚ್ಚಳವೊಂದು ಶ್ವಾಸದ್ವಾರದ ಮೇಲೆ ಬಾಗುತ್ತದೆ, ಅನ್ನನಾಳದ ಬಾಯಿ ಸಡಿಲವಾಗಿ ತೆರೆಯುತ್ತದೆ. ಇದಿಷ್ಟೂ ಸುಮಾರು ಒಂದು ಸೆಕೆಂಡಿನೊಳಗೆ ನಡೆದುಹೋಗುವುದು. ಇಪ್ಪತ್ತೈದಕ್ಕೂ ಮಿಕ್ಕ ಜೊತೆ ಸ್ನಾಯುಗಳು, ಮಿದುಳಿನ ಕಾಂಡದಿಂದ ಹೊರಟ ಐದು ಜೊತೆ ನರಗಳು ಈ ಒಂದು ಸೆಕೆಂಡಿನ ನಾಟಕದಲ್ಲಿ ತಮ್ಮ ತಮ್ಮ ಪಾತ್ರವನ್ನು ಸರಿಯಾದ ಹೊತ್ತಿಗೆ ವಹಿಸಬೇಕು.

ಚಾಲಕ ನರಕೋಶಗಳ ರೋಗದಲ್ಲಿ ಈ ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಸ್ನಾಯು ಸೊರಗುತ್ತದೆ, ಚಲನೆ ನಿಧಾನವಾಗುತ್ತದೆ. ಈಗ ನೀರನ್ನೂ ಮುದ್ದೆಯನ್ನೂ ಹೋಲಿಸಿ ನೋಡಿರಿ. ನೀರಿನ ಸ್ನಿಗ್ಧತೆ ಬಹಳ ಕಡಿಮೆ. ಅದು ಬಾಗಿಲು ಹಾಕುವ ಮೊದಲೇ ಹರಿದು ಕವಲನ್ನು ಮುಟ್ಟಿಬಿಡುವುದು. ಅದಕ್ಕಾಗಿಯೇ ಇಂತಹ ರೋಗಿಗಳಿಗೆ ಗಟ್ಟಿ ಪದಾರ್ಥಕ್ಕಿಂತ ಕಾಫಿ, ನೀರು, ಮಜ್ಜಿಗೆಗಳಿಂದಲೇ ಮೊದಲು ಕೆಮ್ಮು ಬರುವುದು. ನೋಡುವವರಿಗೆ ಇದು ವಿಚಿತ್ರವಾಗಿ ತೋರುತ್ತದೆ, "ನೀರು ಕೂಡ ಇಳಿಯದೆ?" ಎನ್ನುವರು. ನೀರೇ ಎಲ್ಲಕ್ಕಿಂತ ಅವಸರದ ಪದಾರ್ಥ. ಇತ್ತ ಮುದ್ದೆಗೆ ಅವಸರವಿಲ್ಲ, ಆದರೆ ಅದನ್ನು ತಳ್ಳಲು ನಾಲಗೆಗೆ ಬಲ ಬೇಕು. ಬಲ ಸಾಲದಿದ್ದರೆ ಅದು ಗಂಟಲಿನಲ್ಲಿಯೇ ನಿಲ್ಲುವುದು. ಹೀಗೆ ರೋಗಿಯು ಎರಡು ಕಡೆಯಿಂದಲೂ ಇಕ್ಕಟ್ಟಿಗೆ ಸಿಕ್ಕುತ್ತಾನೆ. ನಡುವಿನ ಹದವೊಂದೇ ಅವನಿಗೆ ಕ್ಷೇಮ: ಗಟ್ಟಿ ಅಂಬಲಿಯ ಹದ, ಹಿಸುಕಿದ ಬಾಳೆಹಣ್ಣಿನ ಹದ. ಗದ್ದವನ್ನು ಎದೆಯ ಕಡೆಗೆ ತಗ್ಗಿಸಿ ನುಂಗುವುದು, ಸಣ್ಣ ತುತ್ತು, ಪ್ರತಿ ತುತ್ತಿಗೂ ಎರಡು ಬಾರಿ ನುಂಗುವುದು ಇವೆಲ್ಲ ಕೆಲವು ತಿಂಗಳ ಕಾಲವನ್ನು ಗಳಿಸಿಕೊಡುತ್ತವೆ. ತಪ್ಪು ದಾರಿ ಹಿಡಿದ ಆಹಾರವು ಶ್ವಾಸಕೋಶವನ್ನು ಸೇರಿದರೆ ಅಲ್ಲಿ ಉರಿಯೂತವೆದ್ದು ನ್ಯುಮೋನಿಯ ಆಗಬಹುದು. ಕೆಮ್ಮುವ ಬಲವೂ ಕುಂದಿದವನಿಗೆ ಅದು ಪ್ರಾಣಾಪಾಯ.

ಆದರೆ ಕೆಮ್ಮು ಎಲ್ಲರಿಗೂ ಕಾಣುತ್ತದೆ, ಕಾಣದಿರುವುದು ಹಸಿವು. ಊಟಕ್ಕೆ ಒಂದು ಗಂಟೆ ಹಿಡಿದರೆ ಮನುಷ್ಯನು ಹೊಟ್ಟೆ ತುಂಬಿ ಏಳುವುದಿಲ್ಲ, ದಣಿದು ಏಳುತ್ತಾನೆ. "ಸಾಕು" ಎಂಬ ಮಾತಿಗೆ ಎರಡು ಅರ್ಥಗಳುಂಟೆಂಬುದು ನಮ್ಮ ಮನೆಯಲ್ಲಿ ಬಹಳ ತಡವಾಗಿ ತಿಳಿಯಿತು. ಇದರ ಜೊತೆಗೆ ಎ.ಎಲ್.ಎಸ್. ರೋಗಿಗಳಲ್ಲಿ ಅನೇಕರ ದೇಹವು ವಿಶ್ರಾಂತಿಯಲ್ಲಿಯೂ ಸಾಮಾನ್ಯಕ್ಕಿಂತ ಹೆಚ್ಚು ಶಕ್ತಿಯನ್ನು ವ್ಯಯಮಾಡುತ್ತದೆ. ಆದಾಯ ಇಳಿದು ಖರ್ಚು ಏರಿದಂತೆ. ಕೊರತೆಯನ್ನು ದೇಹವು ತನ್ನ ಕೊಬ್ಬಿನಿಂದಲೂ, ಮೊದಲೇ ಸೊರಗುತ್ತಿರುವ ಸ್ನಾಯುವಿನಿಂದಲೂ ತುಂಬಿಕೊಳ್ಳುತ್ತದೆ. ತೂಕ ವೇಗವಾಗಿ ಇಳಿದವರು ಬೇಗ ತೀರಿಕೊಳ್ಳುತ್ತಾರೆ ಎಂಬುದು ಅನೇಕ ದೇಶಗಳ ರೋಗಿಗಳಲ್ಲಿ ಕಂಡುಬಂದ ಸಂಗತಿ.

ಇನ್ನು ನಳಿಕೆಯ ವಿಚಾರ. ಮೂಗಿನ ಮೂಲಕ ಜಠರಕ್ಕೆ ಇಳಿಸುವ ಸಪುರವಾದ ನಳಿಕೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುವರು. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಎಂಬಾತನ ಹೆಸರು ಅದಕ್ಕೆ ನಿಂತಿದೆ. ಅದನ್ನು ಹಾಕಲು ಶಸ್ತ್ರಕ್ರಿಯೆ ಬೇಡ, ಬೆಲೆ ಕಡಿಮೆ, ದಾದಿಯೊಬ್ಬಳು ಹಾಸಿಗೆಯ ಬಳಿಯೇ ಹಾಕಬಲ್ಲಳು. ಕೆಲವು ವಾರಗಳ ಮಟ್ಟಿಗೆ ಅದು ಒಳ್ಳೆಯ ಸಾಧನ. ತಿಂಗಳುಗಟ್ಟಲೆ ಇದ್ದರೆ ಮೂಗು ಹುಣ್ಣಾಗುವುದು, ಗಂಟಲು ಕೆರೆಯುವುದು, ನಿದ್ದೆಯಲ್ಲಿ ಕೈ ತಗುಲಿ ಕಿತ್ತುಬರುವುದು. ಮುಖದ ಮೇಲೆಯೇ ಇರುವುದರಿಂದ ರೋಗಿಯು ಜನರೆದುರಿಗೆ ಬರಲು ನಾಚುವನು.

ಎರಡನೆಯದು ಹೊಟ್ಟೆಯ ಗೋಡೆಯ ಮೂಲಕ ನೇರವಾಗಿ ಜಠರಕ್ಕೆ ಸೇರಿಸುವ ನಳಿಕೆ. ಮೊದಲೆಲ್ಲ ಇದಕ್ಕೆ ಹೊಟ್ಟೆಯನ್ನು ಕೊಯ್ಯಬೇಕಾಗಿತ್ತು. 1979ರ ಜೂನ್ ತಿಂಗಳಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಕ್ಕಳ ಶಸ್ತ್ರವೈದ್ಯ ಮೈಕೇಲ್ ಗಾಡರರ್ ಮತ್ತು ಜೆಫ್ರಿ ಪಾನ್ಸ್ಕಿ ಎಂಬಿಬ್ಬರು ಕೆಲವೇ ತಿಂಗಳ ಕೂಸೊಂದಕ್ಕೆ ಹೊಟ್ಟೆ ಕೊಯ್ಯದೆಯೇ ನಳಿಕೆಯಿಟ್ಟರು. ಅವರ ಉಪಾಯವು ಸರಳವೂ ಸುಂದರವೂ ಆದುದು. ಬಾಯಿಯ ಮೂಲಕ ಎಂಡೋಸ್ಕೋಪನ್ನು ಜಠರಕ್ಕೆ ಇಳಿಸಿ, ಕೋಣೆಯ ದೀಪವನ್ನು ಮಂಕು ಮಾಡಿದರೆ, ಅದರ ಬೆಳಕು ಹೊಟ್ಟೆಯ ಚರ್ಮದ ಮೂಲಕ ಕೆಂಪಗೆ ಹೊಳೆಯುವುದು, ಮುಷ್ಟಿಯಲ್ಲಿ ಟಾರ್ಚು ಹಿಡಿದಾಗ ಬೆರಳಿನ ಸಂದು ಹೊಳೆಯುವಂತೆ. ಬೆಳಕು ಸ್ಪಷ್ಟವಾಗಿ ಕಂಡರೆ ಜಠರಕ್ಕೂ ಚರ್ಮಕ್ಕೂ ನಡುವೆ ಕರುಳು ಅಡ್ಡ ಬಂದಿಲ್ಲವೆಂದು ಗೊತ್ತಾಗುತ್ತದೆ. ಅಲ್ಲಿ ಸೂಜಿಯಿಂದ ಚುಚ್ಚಿ, ದಾರವನ್ನು ಒಳಬಿಟ್ಟು, ಬಾಯಿಂದ ಹೊರಕ್ಕೆಳೆದು, ಅದಕ್ಕೆ ನಳಿಕೆಯನ್ನು ಕಟ್ಟಿ ಮತ್ತೆ ಹೊಟ್ಟೆಯ ಕಡೆಯಿಂದ ಎಳೆದರೆ ನಳಿಕೆಯು ತನ್ನ ಜಾಗದಲ್ಲಿ ಕೂಡುವುದು. ಒಳತುದಿಯಲ್ಲಿ ಅಣಬೆಯಾಕಾರದ ಗುಬುಟು ಇರುವುದರಿಂದ ಅದು ಹೊರಬೀಳದು. ಆಸ್ಪತ್ರೆಯ ಮಾತಿನಲ್ಲಿ ಇದೇ 'ಪೆಗ್'. ಅರ್ಧ ಗಂಟೆಯ ಕೆಲಸ. ಬೆಳಕಿನ ಬದಲು ಕ್ಷಕಿರಣದ ಸಹಾಯದಿಂದ, ಎಂಡೋಸ್ಕೋಪಿಲ್ಲದೆ ಹೊರಗಿನಿಂದಲೇ ನಳಿಕೆಯಿಡುವ ವಿಧಾನವೂ ಇದೆ. ಅದಕ್ಕೆ ಮಂಪರಿನ ಔಷಧಿ ಕಡಿಮೆ ಸಾಕು.

ಇಲ್ಲಿ ನನ್ನ ವಿಷಯದ ಕಡೆಗೆ ಸ್ವಲ್ಪ ಹೊರಳುವುದನ್ನು ವಾಚಕರು ಕ್ಷಮಿಸಬೇಕು. 1840ರ ಸುಮಾರಿಗೆ ಪ್ಯಾರಿಸಿನ ಪ್ವಾಸೈ ಎಂಬಾತನು ಸಪುರವಾದ ನಳಿಕೆಗಳಲ್ಲಿ ದ್ರವವು ಹರಿಯುವ ನಿಯಮವನ್ನು ಅಳೆದು ತೋರಿಸಿದನು. ಆತನೂ ವೈದ್ಯನೇ, ರಕ್ತದ ಹರಿವನ್ನು ತಿಳಿಯುವುದೇ ಅವನ ಗುರಿಯಾಗಿತ್ತು. ನಳಿಕೆಯಲ್ಲಿ ಸೆಕೆಂಡಿಗೆ ಹರಿಯುವ ದ್ರವವು ಒತ್ತಡಕ್ಕೂ, ತ್ರಿಜ್ಯದ ನಾಲ್ಕನೆಯ ಘಾತಕ್ಕೂ ಅನುಲೋಮವಾಗಿಯೂ, ನಳಿಕೆಯ ಉದ್ದಕ್ಕೂ ದ್ರವದ ಸ್ನಿಗ್ಧತೆಗೂ ವಿಲೋಮವಾಗಿಯೂ ಇರುತ್ತದೆ. ಮೂಗಿನ ನಳಿಕೆಯ ಒಳವ್ಯಾಸ 3 ಮಿಲಿಮೀಟರ್, ಉದ್ದ 100 ಸೆಂಟಿಮೀಟರ್ ಎಂದೂ, ಹೊಟ್ಟೆಯ ನಳಿಕೆಯ ಒಳವ್ಯಾಸ 5 ಮಿಲಿಮೀಟರ್, ಉದ್ದ 25 ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ವ್ಯಾಸಗಳ ಪ್ರಮಾಣದ ನಾಲ್ಕನೆಯ ಘಾತ ಸುಮಾರು 7.7, ಉದ್ದದಿಂದ ಮತ್ತೆ ನಾಲ್ಕು ಪಟ್ಟು. ಒಟ್ಟಿನಲ್ಲಿ ಅದೇ ಎತ್ತರದಿಂದ ಅದೇ ಗಂಜಿಯನ್ನು ಬಿಟ್ಟರೆ ಎರಡನೆಯದರಲ್ಲಿ ಮೂವತ್ತು ಪಟ್ಟು ಸುಲಭವಾಗಿ ಹರಿಯುವುದು! ಒತ್ತಡಕ್ಕೆ ಯಂತ್ರ ಬೇಡ. ಪಿಚಕಾರಿಯ ಕೊಳವೆಯನ್ನು ಹೊಟ್ಟೆಯಿಂದ ಅರ್ಧ ಮೀಟರ್ ಎತ್ತರದಲ್ಲಿ ಹಿಡಿದರೆ ಭೂಮಿಯ ಆಕರ್ಷಣೆಯೇ ಅದನ್ನು ಇಳಿಸುತ್ತದೆ. ರಾಗಿಯ ಗಂಜಿಯು ಪ್ವಾಸೈಯ ನಿಯಮಕ್ಕೆ ಪೂರ್ತಿ ವಿಧೇಯವಾದ ದ್ರವವಲ್ಲ, ನಿಂತರೆ ಗಟ್ಟಿಯಾಗುವ ಸ್ವಭಾವದ್ದು. ಆದುದರಿಂದ ಅದನ್ನು ತೆಳುವಾಗಿ ಕಾಯಿಸಿ, ಸಣ್ಣ ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗಲೇ ಬಿಡಬೇಕು. ಮೊದಲೂ ಕೊನೆಯಲ್ಲೂ ಸುಮಾರು 30 ಮಿಲಿಲೀಟರ್ ನೀರು ಬಿಟ್ಟು ತೊಳೆಯದಿದ್ದರೆ ನಳಿಕೆ ಕಟ್ಟಿಕೊಳ್ಳುವುದು ಖಂಡಿತ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾವಾಗ?

ದೊಡ್ಡವ್ವನ ತರ್ಕವು ಮೇಲುನೋಟಕ್ಕೆ ಸರಿಯಾದುದು: ಉಣ್ಣಲಾಗದಿದ್ದಾಗ ನಳಿಕೆ, ಉಣ್ಣುತ್ತಿರುವಾಗ ಏಕೆ? ಲೋಕದಲ್ಲಿ ನಾವು ಕೊಡೆ ಬಿಚ್ಚುವುದು ಮಳೆ ಬಂದ ಮೇಲೆಯೇ. ಆದರೆ ಈ ರೋಗದಲ್ಲಿ ಗಂಟಲು ಒಂದೇ ಕುಂದುವುದಿಲ್ಲ. ಉಸಿರಾಟಕ್ಕೆ ಮುಖ್ಯವಾದ ವಪೆ ಎಂಬ ಸ್ನಾಯುವೂ ಅದರ ಜೊತೆಯಲ್ಲಿಯೇ ಸೊರಗುತ್ತಿರುತ್ತದೆ. ನಳಿಕೆಯಿಡಲು ರೋಗಿಯು ಅಂಗಾತ ಮಲಗಬೇಕು, ಮಂಪರಿನ ಔಷಧಿ ಪಡೆಯಬೇಕು, ಗಂಟಲಿನಲ್ಲಿ ಎಂಡೋಸ್ಕೋಪನ್ನು ಸಹಿಸಬೇಕು. ಅಂಗಾತ ಮಲಗಿದಾಗ ಹೊಟ್ಟೆಯೊಳಗಿನ ಅಂಗಗಳ ಭಾರವೆಲ್ಲ ವಪೆಯ ಮೇಲೆ ಬೀಳುವುದು; ಕುಳಿತಾಗ ಸಹಾಯ ಮಾಡುತ್ತಿದ್ದ ಗುರುತ್ವವು ಮಲಗಿದಾಗ ಎದುರಾಳಿಯಾಗುವುದು. ಬಲಹೀನವಾದ ವಪೆಗೆ ಇದು ದೊಡ್ಡ ಪರೀಕ್ಷೆ. ನಳಿಕೆ ಅತ್ಯವಶ್ಯಕವಾಗುವ ಹೊತ್ತಿಗೆ ಅದನ್ನು ಇಡುವುದು ಅಪಾಯಕರವಾಗಿರುತ್ತದೆ. ಇದೇ ಇಲ್ಲಿನ ತೊಡಕು.

ಉಸಿರಿನ ಬಲವನ್ನು ಸ್ಪೈರೋಮೀಟರ್ ಎಂಬ ಉಪಕರಣದಿಂದ ಅಳೆಯುವರು. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ಇದರ ಬಗ್ಗೆ ವಿಸ್ತಾರವಾಗಿ ಬರೆದನು. ಪೂರ್ತಿ ಉಸಿರೆಳೆದು ಬಲವಾಗಿ ಪೂರ್ತಿ ಹೊರಬಿಟ್ಟ ಗಾಳಿಯ ಪರಿಮಾಣವನ್ನು, ಅದೇ ವಯಸ್ಸಿನ ಅದೇ ಎತ್ತರದ ಆರೋಗ್ಯವಂತನಿಂದ ನಿರೀಕ್ಷಿಸುವ ಪರಿಮಾಣದೊಡನೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಹೇಳುವರು. ಇದು ಶೇಕಡಾ 50ಕ್ಕಿಂತ ಕೆಳಗಿಳಿಯುವ ಮೊದಲೇ ನಳಿಕೆಯಿಡುವುದು ಕ್ಷೇಮವೆಂಬುದು ವೈದ್ಯರಲ್ಲಿ ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. 50 ಎಂಬುದು ಲಕ್ಷ್ಮಣರೇಖೆಯೇನೂ ಅಲ್ಲ. ಅದರ ಕೆಳಗೂ ಉಸಿರಾಟದ ಯಂತ್ರದ ಸಹಾಯವಿಟ್ಟುಕೊಂಡು ಅನುಭವವುಳ್ಳವರು ಮಾಡುವುದುಂಟು. ಆದರೆ ಅಪಾಯ ಹೆಚ್ಚು, ಮಾಡುವ ಆಸ್ಪತ್ರೆಗಳು ಕಡಿಮೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಎ.ಎಲ್.ಎಸ್.ನಲ್ಲಿ ಉಸಿರಿನ ಈ ಅಳತೆಯು ಸರಾಸರಿಯಲ್ಲಿ ತಿಂಗಳಿಗೆ ಶೇಕಡಾ 2ರಿಂದ 3ರಷ್ಟು ಇಳಿಯುತ್ತದೆ. ರೋಗಿಯೊಬ್ಬನದು ಇಂದು 80 ಇದೆ, ತಿಂಗಳಿಗೆ 2.5ರಂತೆ ಇಳಿಯುತ್ತಿದೆ ಎನ್ನಿರಿ. ಹನ್ನೆರಡು ತಿಂಗಳಿಗೆ 50. ಅವನ ತೂಕ 60 ಕಿಲೋಗ್ರಾಂ, ತಿಂಗಳಿಗೆ ಅರ್ಧ ಕಿಲೋಗ್ರಾಂ ಇಳಿಯುತ್ತಿದೆ. ಆರು ತಿಂಗಳಿಗೆ ಮೂರು ಕಿಲೋ, ಅಂದರೆ ಶೇಕಡಾ 5. ಹನ್ನೆರಡು ತಿಂಗಳಿಗೆ ಶೇಕಡಾ 10. ತೂಕ ಶೇಕಡಾ 10 ಇಳಿಯಲಿ, ಆಮೇಲೆ ನೋಡೋಣ ಎಂದು ಕಾದವನು ಎರಡು ಗೆರೆಗಳೂ ಒಟ್ಟಿಗೆ ಅಪಾಯದ ಮಟ್ಟವನ್ನು ಮುಟ್ಟುವ ದಿನಕ್ಕೆ ಬಂದು ನಿಲ್ಲುವನು. ಶೇಕಡಾ 5ರಲ್ಲಿಯೇ ಎಚ್ಚತ್ತವನಿಗೆ ಉಸಿರು ಇನ್ನೂ 65 ಇರುತ್ತದೆ. ಆರು ತಿಂಗಳ ಬಿಡುವು ಅವನ ಕೈಯಲ್ಲಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ತಜ್ಞರ ಒಲವು ಈ 5ರ ಕಡೆಗೆ ಸರಿಯುತ್ತಿರುವುದಕ್ಕೆ, 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಕಾರಣ. ತೂಕ ಬಹಳ ಇಳಿದ ಮೇಲೆ ನಳಿಕೆ ಪಡೆದವರಲ್ಲಿ ಹಲವರಿಗೆ ಕಳೆದುಹೋದ ತೂಕ ಮರಳಿ ಬರಲಿಲ್ಲವೆಂಬುದನ್ನು ಅದು ತೋರಿಸಿತು.

ನಿಜವಾದ ರೋಗದಲ್ಲಿ ಗೆರೆಗಳು ನಮ್ಮ ಲೆಕ್ಕದಂತೆ ನೇರವಾಗಿರುವುದಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದಲೇ ಅಳತೆ ಬೇಕು. ಮನೆಯಲ್ಲಿಯೇ ಮಾಡಬಹುದಾದವು ಎರಡು. ಒಂದು ತೂಕ: ಅದೇ ತಕ್ಕಡಿ, ಅದೇ ಹೊತ್ತು, ಅದೇ ಬಗೆಯ ಬಟ್ಟೆ. ಪುಣಜನೂರಿನಲ್ಲಿ ನಾವು ದೊಡ್ಡಪ್ಪನವರನ್ನು ಪ್ರತಿ ತಿಂಗಳು ನ್ಯಾಯಬೆಲೆ ಅಂಗಡಿಯ ಅಕ್ಕಿಯ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದೆವು. ಪ್ರಯೋಗಶಾಲೆಯ ಹುಡುಗರಿಗೆ ನಾನು ಹೇಳುವ ಶೂನ್ಯದೋಷದ ಪಾಠವನ್ನು ಅಲ್ಲಿ ನಾನೇ ಪಾಲಿಸಬೇಕಾಯಿತು. ಎರಡನೆಯದು ಎಣಿಕೆ: ಪೂರ್ತಿ ಉಸಿರೆಳೆದು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು? ನರರೋಗವೈದ್ಯರು ಇದನ್ನು ಉಸಿರಿನ ಸ್ಥೂಲವಾದ ಅಳತೆಯಾಗಿ ಬಳಸುತ್ತಾರೆ. ನಾಲಗೆ ತೊದಲುವವರಲ್ಲಿ ಇದು ಮೋಸಮಾಡಬಹುದು, ಸ್ಪೈರೋಮೀಟರಿಗೆ ಬದಲಿಯಲ್ಲ. ಆದರೆ ಹಿಂದಿನ ತಿಂಗಳು 30, ಈ ತಿಂಗಳು 21 ಎಂದಾದರೆ ಆಸ್ಪತ್ರೆಯ ದಾರಿ ಹಿಡಿಯಲು ಅಷ್ಟು ಸಾಕು. ಮಲಗಿದರೆ ಉಸಿರು ಕಟ್ಟುವುದು, ಬೆಳಿಗ್ಗೆ ಏಳುವಾಗ ತಲೆನೋವು, ಹಗಲೆಲ್ಲ ತೂಕಡಿಕೆ ಇವೂ ವಪೆಯ ದೌರ್ಬಲ್ಯದ ಸೂಚನೆಗಳೇ.

ಇವೆಲ್ಲಕ್ಕೂ ಮೊದಲು ರೋಗವು ಯಾವುದೆಂಬುದು ಖಚಿತವಾಗಬೇಕು. ಏಕೆಂದರೆ ಎಲ್ಲ ರೋಗಕ್ಕೂ ಒಂದೇ ಗಡಿಯಾರವಿಲ್ಲ. ಎ.ಎಲ್.ಎಸ್. ಹೆಚ್ಚಿನವರಲ್ಲಿ ಎರಡರಿಂದ ಐದು ವರ್ಷಗಳಲ್ಲಿ ಮುಗಿಯುತ್ತದೆ. ನಮ್ಮ ಶಾಸ್ತ್ರದ ಸ್ಟೀಫನ್ ಹಾಕಿಂಗ್ 1963ರಲ್ಲಿ ಈ ರೋಗವೆಂದು ತಿಳಿದ ಮೇಲೆಯೂ 2018ರವರೆಗೆ ಬದುಕಿದರು. ವಿದ್ಯಾರ್ಥಿಗಳು ಸದಾ ಇವರನ್ನು ಉದಾಹರಿಸುವರು. ಆದರೆ ಅದು ಅಪವಾದ, ನಿಯಮವಲ್ಲ. ನಮ್ಮ ದಕ್ಷಿಣ ಭಾರತದಲ್ಲಿಯೇ ಇನ್ನೊಂದು ಬಗೆಯುಂಟು. 1970ರಲ್ಲಿ ಮದರಾಸಿನ ವೈದ್ಯರು ಮೊದಲು ವರ್ಣಿಸಿದ್ದರಿಂದ ಅದಕ್ಕೆ ಮದರಾಸು ಮಾದರಿಯ ಚಾಲಕ ನರಕೋಶ ರೋಗವೆಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿ 1988ರಲ್ಲಿ ಇದರ ಮೇಲೆ ವಿವರವಾದ ಲೇಖನವನ್ನು ಪ್ರಕಟಿಸಿದರು. ಇದು ಎಳೆಯ ವಯಸ್ಸಿನಲ್ಲಿ ತೊಡಗುತ್ತದೆ. ಕೈಕಾಲು ಸೊರಗುವುದರ ಜೊತೆಗೆ ಮುಖ, ನಾಲಗೆ, ಗಂಟಲುಗಳು ದುರ್ಬಲವಾಗುತ್ತವೆ, ಕಿವಿ ಮಂದವಾಗುತ್ತದೆ. ನಾಲಗೆಯನ್ನಷ್ಟೇ ನೋಡಿದರೆ ಎ.ಎಲ್.ಎಸ್. ಎಂದೇ ಭಯಪಡಬೇಕು, ಆದರೆ ಇದರ ನಡಿಗೆ ನಿಧಾನ, ಅನೇಕರು ದಶಕಗಳ ಕಾಲ ಬದುಕುತ್ತಾರೆ. ಇಬ್ಬರಿಗೂ ಒಂದೇ ಅವಸರ ಸಲ್ಲದು. ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿಯು ವಾರಗಳಲ್ಲಿ ಮರಳಿ ಬರುವುದು ಸಾಮಾನ್ಯ. ಅಲ್ಲಿ ಮೂಗಿನ ನಳಿಕೆಯೊಡನೆ ಸ್ವಲ್ಪ ಕಾಯುವುದೇ ಜಾಣತನ. ಮರೆವಿನ ರೋಗದ ಕೊನೆಯ ಹಂತದಲ್ಲಿ ಹೊಟ್ಟೆಯ ನಳಿಕೆಯಿಂದ ಆಯುಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯವೂ ತಪ್ಪುವುದಿಲ್ಲವೆಂದು ಕಂಡುಬಂದಿದೆ. ಅಲ್ಲಿ ತಾಳ್ಮೆಯಿಂದ ಕೈತುತ್ತು ತಿನ್ನಿಸುವುದನ್ನೇ ತಜ್ಞರು ಮೇಲೆನ್ನುವರು.

ಎ.ಎಲ್.ಎಸ್.ನಲ್ಲಿಯೂ ನಳಿಕೆಯ ಪ್ರಯೋಜನವನ್ನು ಅತಿಯಾಗಿ ಹೇಳಬಾರದು. ಅದು ರೋಗವನ್ನು ತಡೆಯದು. ಬಾಯಲ್ಲಿ ಊರುವ ಜೊಲ್ಲು ತಪ್ಪುದಾರಿ ಹಿಡಿಯುವುದನ್ನೂ ತಡೆಯದು. ನಳಿಕೆ ಪಡೆದವರನ್ನೂ ಪಡೆಯದವರನ್ನೂ ಚೀಟಿಯೆತ್ತಿ ಬೇರ್ಪಡಿಸಿ ಹೋಲಿಸುವಂತಹ ಪರೀಕ್ಷೆಯ ಆಧಾರ ಇದಕ್ಕಿಲ್ಲ. ಹಸಿದವನಿಗೆ ಚೀಟಿಯ ಆಧಾರದ ಮೇಲೆ ಅನ್ನ ನಿರಾಕರಿಸುವುದು ಹೇಗೆ? ಆದುದರಿಂದ ವೈದ್ಯರ ಮಾತು ರೋಗಿಗಳನ್ನು ವರ್ಷಗಳ ಕಾಲ ಗಮನಿಸಿದ ಅನುಭವದ ಮೇಲೆ ನಿಂತಿದೆ. ಖಚಿತವಾಗಿ ಹೇಳಬಹುದಾದುದು ಇಷ್ಟು: ನೀರು, ಆಹಾರ, ಔಷಧಿಗಳು ದಣಿವಿಲ್ಲದೆ ಒಳಸೇರುತ್ತವೆ, ಊಟದ ಹೊತ್ತು ಯುದ್ಧವಾಗುವುದು ತಪ್ಪುತ್ತದೆ. ನಳಿಕೆ ಇಟ್ಟೊಡನೆ ಬಾಯಿಗೆ ಬೀಗವೆಂಬುದು ತಪ್ಪು ತಿಳಿವಳಿಕೆ. ನುಂಗಲು ಎಷ್ಟು ಸಾಧ್ಯವೋ ಅಷ್ಟನ್ನು ರುಚಿಗಾಗಿ ಬಾಯಿಂದಲೇ ಉಣ್ಣಬಹುದು. ಬೇಗ ಇಟ್ಟ ನಳಿಕೆಯನ್ನು ಬಳಸದೆ ದಿನಕ್ಕೊಮ್ಮೆ ನೀರು ಬಿಟ್ಟು ತೊಳೆದಿಟ್ಟುಕೊಂಡವರೂ ಇದ್ದಾರೆ.

ಬೇಡವೆನ್ನುವ ಹಕ್ಕೂ ರೋಗಿಯದೇ. ಬುದ್ಧಿ ಸ್ವಸ್ಥವಾಗಿರುವ ವಯಸ್ಕನು ಚಿಕಿತ್ಸೆಯನ್ನು ನಿರಾಕರಿಸಬಹುದು. 2018ರ ಮಾರ್ಚ್ 9ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಮುಂದೆ ಮಾತು ಕಳೆದುಕೊಂಡಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರಿಗೆ ಸಹಿ ಸಾಕು. ಇದನ್ನು ಕಾರ್ಯಗತಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಮಾತು ಹೋಗುವ ರೋಗದಲ್ಲಿ ಮಾತಿರುವಾಗಲೇ ಈ ವಿಚಾರವನ್ನು ಮಾತನಾಡಬೇಕು. ನಮ್ಮ ಮನೆಗಳಲ್ಲಿ ರೋಗಿಯನ್ನು ಹೊರಗೆ ಕೂರಿಸಿ ಒಳಗೆ ತೀರ್ಮಾನ ಮಾಡುವ ಅಭ್ಯಾಸವನ್ನು ನಾನು ಒಪ್ಪಲಾರೆ. ನಾವೂ ಅದನ್ನೇ ಮಾಡಿದೆವು.

ದೊಡ್ಡಪ್ಪನವರನ್ನು ಮೂರು ತಿಂಗಳು ಯಾರೂ ಕೇಳಲಿಲ್ಲ. ಬಂಧುಗಳು ಒಂದೊಂದು ಮಾತು ಹೇಳಿದರು. ತೂಕದ ಚೀಟಿಯಲ್ಲಿ 58 ಇದ್ದುದು 54 ಆಯಿತು, ಆಮೇಲೆ 52. ಕೊನೆಗೆ ನಾನು ಆ ಚೀಟಿಯನ್ನೂ ಎರಡು ಗೆರೆಗಳ ಒಂದು ಚಿತ್ರವನ್ನೂ ಅವರ ಮುಂದಿಟ್ಟೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವರು ಅವರು. ಚಿತ್ರವನ್ನು ಬಹಳ ಹೊತ್ತು ನೋಡಿ, ಮಾತು ತೊದಲುತ್ತಿದ್ದುದರಿಂದ ಹಾಳೆಯ ಮೇಲೆ ಬರೆದರು: "ಇದನ್ನು ಮೊದಲೇ ಏಕೆ ತೋರಿಸಲಿಲ್ಲ?" ನಳಿಕೆಯಿಟ್ಟ ದಿನ ಅವರ ಉಸಿರಿನ ಅಳತೆ 53. ತೂಕ ಶೇಕಡಾ 10ಕ್ಕೂ ಹೆಚ್ಚು ಇಳಿದುಹೋಗಿತ್ತು. ತಡವಾಗಿತ್ತು, ಆದರೆ ತೀರ ತಡವಾಗಿರಲಿಲ್ಲ. ಹೋದ ಆರು ಕಿಲೋದಲ್ಲಿ ಮರಳಿ ಬಂದದ್ದು ಎರಡು.

ಆಮೇಲಿನ ದಿನಚರಿ ಕಷ್ಟದ್ದೇನಲ್ಲ. ದಿನಕ್ಕೆ ಐದಾರು ಬಾರಿ 200ರಿಂದ 300 ಮಿಲಿಲೀಟರ್. ಬೆನ್ನನ್ನು ಎತ್ತರಿಸಿ ಕೂರಿಸಿ ಕೊಡುವುದು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಮಲಗಿಸದಿರುವುದು. ನಳಿಕೆಯ ಬುಡವನ್ನು ದಿನವೂ ತೊಳೆದು ಒರೆಸುವುದು. ಎಷ್ಟು ಗಂಜಿ, ಎಷ್ಟು ಬೇಳೆಕಟ್ಟು, ಎಷ್ಟು ಹಾಲು, ಎಷ್ಟು ಎಣ್ಣೆ ಎಂಬುದನ್ನು ಆಸ್ಪತ್ರೆಯ ಆಹಾರತಜ್ಞೆ ಬರೆದುಕೊಟ್ಟಿದ್ದರು. ಮುದ್ದೆಯ ದಿನ ದೊಡ್ಡವ್ವ ಸಾರಿನಲ್ಲಿ ಬೆರಳದ್ದಿ ಅವರ ನಾಲಗೆಗೆ ಸವರುತ್ತಿದ್ದಳು.

ಪಟ್ಟಣದಿಂದ ದೂರವಿರುವವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ನಳಿಕೆಯ ಸುತ್ತ ದಾರಿಯು ಚೆನ್ನಾಗಿ ಕೂಡಿಕೊಳ್ಳಲು ಕೆಲವು ವಾರಗಳು ಬೇಕು. ಮೊದಲ ತಿಂಗಳಲ್ಲಿ ನಳಿಕೆ ಕಿತ್ತುಬಂದರೆ ಮನೆಯಲ್ಲಿ ಏನನ್ನೂ ಮಾಡದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಕುರುಡಾಗಿ ತೂರಿಸಿದರೆ ಅದು ಜಠರದ ಬದಲು ಹೊಟ್ಟೆಯ ಪೊಳ್ಳಿಗೆ ಹೋಗಬಹುದು. ದಾರಿ ಕೂಡಿಕೊಂಡ ಮೇಲೆ ಬೇರೊಂದು ತೊಂದರೆ: ನಳಿಕೆಯಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ತೂತು ಮುಚ್ಚತೊಡಗುವುದು. ನಮಗೆ ಇದಾದದ್ದು ಹತ್ತನೆಯ ತಿಂಗಳಿನಲ್ಲಿ, ರಾತ್ರಿ ಒಂಬತ್ತು ಗಂಟೆಗೆ, ಬಟ್ಟೆ ಬದಲಿಸುವಾಗ. ಹೊರಗೆ ಮಳೆ, ಕಾಡಿನ ರಸ್ತೆಗೆ ಆನೆಗಳು ಇಳಿದಿದ್ದುವು, ವಾಹನ ಸಿಕ್ಕುವಂತಿರಲಿಲ್ಲ. ಆಸ್ಪತ್ರೆಯ ದಾದಿಯು ಬಿಡುಗಡೆಯ ದಿನವೇ ಮೂತ್ರಕ್ಕೆ ಹಾಕುವಂತಹ ಶುದ್ಧವಾದ ರಬ್ಬರ್ ನಳಿಕೆಯೊಂದನ್ನು ಪೊಟ್ಟಣ ಬಿಚ್ಚದೆ ಕೊಟ್ಟು, ಏನು ಮಾಡಬೇಕೆಂದು ಸೊಸೆಗೆ ಎರಡು ಬಾರಿ ಮಾಡಿಸಿ ತೋರಿಸಿದ್ದರು. ಆಕೆ ಆಸ್ಪತ್ರೆಗೆ ಫೋನು ಮಾಡಿ ಕೇಳಿ, ಕೈ ತೊಳೆದು, ನಳಿಕೆಯ ತುದಿಯನ್ನು ತೂತಿನಲ್ಲಿ ಮೆಲ್ಲನೆ ಎರಡು ಅಂಗುಲ ಇಳಿಸಿ, ಹೊಟ್ಟೆಗೆ ಪಟ್ಟಿ ಅಂಟಿಸಿದಳು. ಅದರ ಮೂಲಕ ಆಹಾರವನ್ನಾಗಲಿ ನೀರನ್ನಾಗಲಿ ಬಿಡಬಾರದೆಂದು ಹೇಳಿದ್ದರು, ಬಿಡಲಿಲ್ಲ. ದೊಡ್ಡಪ್ಪನವರು ಆ ರಾತ್ರಿ ಕುಳಿತೇ ನಿದ್ದೆ ಮಾಡಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಹನ್ನೊಂದರ ಹೊತ್ತಿಗೆ ಆಸ್ಪತ್ರೆಯನ್ನು ಸೇರಿದಾಗ ದಾರಿಯಿನ್ನೂ ತೆರೆದೇ ಇತ್ತು. ಹೊಸ ನಳಿಕೆಯನ್ನು ಹಾಕಲು ಐದು ನಿಮಿಷವೂ ಹಿಡಿಯಲಿಲ್ಲ.